ಬಿ ಪ್ಲಸ್ ಹುಡುಗನ ಪ್ರಶ್ನೆ



ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲಿನ ಭಾನುವಾರ ಪೂಜೆಯ ಕೊನೆಗೆ ಸನ್ಮಾನ. ಫುಲ್ ಎ ಪ್ಲಸ್ ಬಂದವರ ಹೆಸರು ಕರೆಯುವುದು ಯುವ ಸಂಚಾಲಕನಾದ ನನ್ನ ಕೆಲಸ. ಈ ಸಲ ಸನ್ಮಾನ ಮುಗಿದು ಹೊರಗೆ ಬಂದಾಗ ಒಬ್ಬ ಹುಡುಗ ಕೇಳಿದ: “ಅಣ್ಣಾ, ನನಗೆ ಬಿ ಪ್ಲಸ್ಸೇ ಜಾಸ್ತಿ. ಮುಂದೆ ಕೆಲಸಕ್ಕೆ ಹೋಗುವಾಗ ಇದನ್ನು ನೋಡ್ತಾರಾ?”

“ಯಾರೂ ನೋಡುವುದಿಲ್ಲ ಮಾರಾಯ” ಎಂದು ಬೆನ್ನು ತಟ್ಟಿ ಕಳಿಸಿದೆ. ಅದು ಸಮಾಧಾನದ ಮಾತು, ಪೂರ್ತಿ ನಿಜವಲ್ಲ.

ನೋಡುವ ಕಡೆ ನೋಡುತ್ತಾರೆ. ಪ್ಲಸ್ ವನ್ ಸೀಟು ಕೊಡುವಾಗ ಎ ಪ್ಲಸ್‌ಗೆ 9, ಬಿ ಪ್ಲಸ್‌ಗೆ 7 ಎಂದೇ ಲೆಕ್ಕ. ಅಲ್ಲಿ ಸಯನ್ಸ್ ತಪ್ಪಿದರೆ ಬಿಎಸ್‌ಸಿ ನರ್ಸಿಂಗ್ ಕನಸೂ ತಪ್ಪಬಹುದು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಕೆಲಸಕ್ಕೆ ಪರೀಕ್ಷೆಯೇ ಇಲ್ಲ, ಹತ್ತನೆಯ ಅಂಕದ ಮೇಲೆಯೇ ಪಟ್ಟಿ. ಆದರೆ ಪಿಎಸ್‌ಸಿಯ ಎಲ್‌ಡಿ ಕ್ಲರ್ಕ್ ಪರೀಕ್ಷೆಗೆ (ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದು ನಮ್ಮ ಜಿಲ್ಲೆಯಲ್ಲಿ ಬೇರೆ ಹುದ್ದೆಗಳೇ ಇವೆ, ಮರೆಯಬೇಡಿ) ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಸಾಕು. ರ‍್ಯಾಂಕ್ ನಿರ್ಧರಿಸುವುದು ಆ ದಿನದ ಉತ್ತರಪತ್ರಿಕೆ. ಬಿಎಸ್‌ಸಿ ಮುಗಿದ ಮೇಲೆ ನನ್ನ ಎಸ್‌ಎಸ್‌ಎಲ್‌ಸಿ ಬುಕ್ ಕೇಳಿದವರೆಲ್ಲ ನೋಡಿದ್ದು ಹುಟ್ಟಿದ ತಾರೀಕು ಮಾತ್ರ.

ಅಂದರೆ ಗ್ರೇಡ್ ಮೊದಲ ಒಂದೆರಡು ಬಾಗಿಲುಗಳಲ್ಲಿ ಲೆಕ್ಕಕ್ಕೆ ಬರುತ್ತದೆ, ಆಮೇಲೆ ಅಪರೂಪ. ಈ ಮೊದಲ ಬಾಗಿಲಲ್ಲೇ ನಮ್ಮ ಮಕ್ಕಳು ಎಡವುವುದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪ್ಲಸ್ ವನ್‌ನಲ್ಲಿ ಒಮ್ಮೆಲೇ ಇಂಗ್ಲಿಷ್. ಎ ಪ್ಲಸ್ ತಂದವರೂ ಅಲ್ಲಿ ಕಂಗಾಲಾಗುವುದನ್ನು ನೋಡಿದ್ದೇನೆ. ನಾನೂ ಆಗಿದ್ದೆ.

ಸಂತ ಜಾನ್ ಮರಿಯ ವಿಯಾನ್ನಿಯವರಿಗೆ ಲ್ಯಾಟಿನ್ ತಲೆಗೆ ಹತ್ತುತ್ತಿರಲಿಲ್ಲ. ಗುರುಮಠದ ಪರೀಕ್ಷೆಯಲ್ಲಿ ಸೋತರು. “ನೋಡು, ಸೋತವರೂ ಸಂತರಾದರು” ಎಂದು ಉಪದೇಶದಲ್ಲಿ ಮಕ್ಕಳಿಗೆ ಹೇಳುತ್ತೇವೆ. ಬಾಲೆ ಎಂಬ ಗುರುಗಳು ಅವರನ್ನು ಕೈಬಿಡದೆ, ಹತ್ತಿರ ಕೂರಿಸಿ ಮತ್ತೆ ಮತ್ತೆ ಕಲಿಸಿದ್ದನ್ನು ಮಾತ್ರ ಹೇಳುವುದಿಲ್ಲ. 1815ರಲ್ಲಿ ವಿಯಾನ್ನಿಯವರಿಗೆ ಗುರುದೀಕ್ಷೆ ಆದದ್ದರಲ್ಲಿ ಬಾಲೆಯವರ ಪಾಲು ದೊಡ್ಡದು.

ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದ ಸಾಮತಿಯಲ್ಲಿ ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನ ಹೇಳಿದ್ದು ಒಂದೇ ಮಾತು. ದೇವಾಲಯದೊಳಗೆ ನಾವು ಹತ್ತಾದವನನ್ನು ಮಾತ್ರ ಕರೆಯುತ್ತೇವೆ.

ಬರುವ ವರ್ಷ ಪರೀಕ್ಷೆ ಬರೆದ ಎಲ್ಲರ ಹೆಸರನ್ನೂ ಕರೆಯೋಣವೆಂದು ಗುರುಗಳಲ್ಲಿ ಕೇಳಿಕೊಂಡಿದ್ದೇನೆ. ಶನಿವಾರ ಸಂಜೆ ಪ್ಲಸ್ ವನ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ನಾನು ಸಭಾಂಗಣದಲ್ಲಿರುತ್ತೇನೆ. ಶಿಕ್ಷಕರು ಒಬ್ಬಿಬ್ಬರು ಜೊತೆಗೆ ಬಂದರೆ ಉಪಕಾರ. ಆ ಹುಡುಗನಿಗೂ ಬರಲು ಹೇಳಬೇಕು, ಅವತ್ತು ಕೊಟ್ಟ ಉತ್ತರವನ್ನೂ ತಿದ್ದಬೇಕು.