ಕುಡಿ ಚಿವುಟುವ ಕೈ

ಧಾರವಾಡ ತಾಲೂಕಿನ ಹೆಬ್ಬಳ್ಳಿಯ ಎರೆಭೂಮಿಯಲ್ಲಿ ಹಿಂಗಾರಿಯ ಕಡಲೆ ಗೇಣುದ್ದ ಬೆಳೆದಾಗ ಅದರ ಕುಡಿ ಚಿವುಟುವುದುಂಟು. ಬಿತ್ತಿದ ಸುಮಾರು ಒಂದು ತಿಂಗಳ ಮೇಲೆ, ಹೂ ಬಿಡುವ ಮುನ್ನ ಈ ಕೆಲಸ ನಡೆಯುತ್ತದೆ. ಚಿವುಟಿದ ಸೊಪ್ಪು ಮನೆಯಲ್ಲಿ ಪಲ್ಯವಾಗುತ್ತದೆ. ಹೊಲದಲ್ಲಿ ಉಳಿದ ಗಿಡ ಪಕ್ಕಕ್ಕೆ ಕವಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ. ಇದನ್ನು ಕಂಡು ‘ಚಿವುಟಿದರೆ ಗಿಡಕ್ಕೇ ಒಳ್ಳೆಯದು’ ಎನ್ನುವವರಿದ್ದಾರೆ. ವನಸ್ಪತಿಕಾಯದಲ್ಲಿ ಜೀವವನ್ನು ಕಾಣುವ ಶ್ರಾವಕನು ಈ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು. ಗಿಡ ಮರಳಿ ಚಿಗುರಿತೆಂಬ ಕಾರಣಕ್ಕೆ ಹಿಂಸೆಯು ಹಿಂಸೆಯಲ್ಲದೆ ಹೋಗುವುದೇ?

ಮೊದಲು ಗಿಡದೊಳಗೆ ನಡೆಯುವುದನ್ನು ನೋಡಬೇಕು. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿಗೆ ಬೆಳಕು ಬೀಳದಂತೆ ಮುಚ್ಚಿದರೆ ಅದು ಬೆಳಕಿನತ್ತ ಬಾಗದೆಂದು ತೋರಿಸಿದರು. ಬೆಳಕನ್ನು ಗುರುತಿಸುವುದು ತುದಿ. ಬಾಗುವುದು ಅದರ ಕೆಳಗಿನ ಭಾಗ. ತುದಿಯಿಂದ ಆ ಸೂಚನೆಯನ್ನು ಒಯ್ಯುವ ಹಾರ್ಮೋನಿಗೆ ಮುಂದೆ ಆಕ್ಸಿನ್ ಎಂದು ಹೆಸರಾಯಿತು. ಕುಡಿಯಿಂದ ಇಳಿಯುವ ಈ ಆಕ್ಸಿನ್ನೇ ಎಲೆಗಳ ಬುಡದ ಮೊಗ್ಗುಗಳನ್ನು ಬೆಳೆಯದಂತೆ ತಡೆದಿರುತ್ತದೆ. ಕುಡಿ ಹೋದರೆ ತಡೆ ಸಡಿಲವಾಗುತ್ತದೆ. ಕುಡಿಗೆ ಸಲ್ಲುತ್ತಿದ್ದ ಸಕ್ಕರೆ ಪಕ್ಕದ ಮೊಗ್ಗುಗಳಿಗೆ ಹರಿದು ಅವನ್ನು ಎಚ್ಚರಿಸುತ್ತದೆಂದು ಬಟಾಣಿ ಗಿಡದ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿದೆ.

ಇಷ್ಟರಿಂದ ಗಿಡಕ್ಕೆ ನೋವಾಗುವುದೆಂದು ಸಿದ್ಧವಾಗದು, ಅದಕ್ಕೆ ನರಮಂಡಲವಿಲ್ಲ. ಆದರೆ ಜೀವದಯೆಯು ನರಮಂಡಲವನ್ನು ಆಧರಿಸಿ ನಿಂತುದಲ್ಲ. ಏಕೇಂದ್ರಿಯ ಜೀವಕ್ಕೆ ಮನಸ್ಸಿಲ್ಲವೆಂದು ಒಪ್ಪುವ ಜಿನಾಗಮವೇ ಅದಕ್ಕೆ ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಶ್ವಾಸೋಚ್ಛ್ವಾಸವೆಂಬ ನಾಲ್ಕು ಪ್ರಾಣಗಳನ್ನು ಹೇಳುತ್ತದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಸಮನಾಗಿ ಮುರಿಯುವ ಎಳೆಯ ಚಿಗುರನ್ನು ಅನಂತ ಜೀವಗಳ ಆಶ್ರಯವೆಂದು ಎಣಿಸುತ್ತದೆ. ಬೆರಳಿಗೆ ಅತಿ ಸುಲಭವಾಗಿ ಮುರಿಯುವ ಕುಡಿಯೇ ಹೀಗೆ ಅತಿ ಹೆಚ್ಚು ಜೀವಗಳ ನೆಲೆ.

ಆದುದರಿಂದ ಕವಲೊಡೆಯುವುದನ್ನು ಗಿಡದ ಒಪ್ಪಿಗೆಯೆಂದು ತಿಳಿಯಬಾರದು. ಅದು ಕಳೆದುಕೊಂಡುದಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಂಡು ಬಾಳುವ ಜೀವದ ಲಕ್ಷಣ. ಹೆಚ್ಚಿದ ಕಾಳು ಸೇರುವುದು ಮನುಷ್ಯನ ಕಣಜಕ್ಕೆ. ತನ್ನ ಲಾಭವನ್ನು ಗಿಡದ ಲಾಭವೆಂದು ಹೇಳಿಕೊಂಡವನು ಹಿಂಸೆಗೆ ಅಸತ್ಯವನ್ನೂ ಕೂಡಿಸಿದಂತಾಯಿತು.

ಹಾಗೆಂದು ಗೃಹಸ್ಥನಿಗೆ ಕೃಷಿ ನಿಷಿದ್ಧವಲ್ಲ. ಆತನು ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು ಬಿಟ್ಟು, ಸ್ಥಾವರಹಿಂಸೆಯನ್ನು ಮಿತಗೊಳಿಸಬೇಕಾದವನು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜನವಾಗಿ ಗಿಡ ಕತ್ತರಿಸುವುದನ್ನು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದೆ. ಬೆಳೆಗೆ ಬೇಕಾದಷ್ಟೇ ಚಿವುಟುವ ಕೈ ಬೇರೆ; ಹಾದಿಯಲ್ಲಿ ಹೋಗುತ್ತ ಬೇಲಿಯ ಚಿಗುರನ್ನು ಕಿತ್ತೆಸೆಯುವ ಕೈ ಬೇರೆ. ಗಿಡದ ಪಾಲಿಗೆ ಎರಡೂ ಒಂದೇ. ಮಾಡುವವನ ಭಾವದಲ್ಲಿ, ಆದುದರಿಂದ ಕರ್ಮಬಂಧದಲ್ಲಿ, ಒಂದೇ ಅಲ್ಲ.

ಅಷ್ಟಮಿ, ಚತುರ್ದಶಿಗಳಂದು ಹಸಿರು ಕಾಯಿಪಲ್ಯವನ್ನು ತ್ಯಜಿಸುವ ಮನೆಗಳಲ್ಲಿ ಕಡಲೆಯ ಸೊಪ್ಪು ಆ ದಿನ ಒಲೆಯ ಬಳಿಗೆ ಬಾರದು. ಒಂದು ದಿನದ ತ್ಯಾಗ ಉಳಿದ ದಿನಗಳ ಹಿಂಸೆಯನ್ನು ಅಳಿಸಲಾರದು. ಅದು ಹಿಂಸೆಯೆಂಬ ನೆನಪನ್ನು ಉಳಿಸುತ್ತದೆ. ಯತ್ನಾಚಾರಕ್ಕೆ ಆ ನೆನಪೇ ಬುನಾದಿ.