ಪಾತ್ರೆಯ ಮೇಲಿನ ಹಸಿ ಎಲೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅತಿಥಿಸಂವಿಭಾಗವೂ ಒಂದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಇದಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಸಚಿತ್ತಾಪಿಧಾನವು ವಿಶೇಷವಾಗಿ ವಿಚಾರಾರ್ಹ. ಆಹಾರ ಸಿದ್ಧವಿದೆ, ಮನೆಯ ಬಾಗಿಲು ತೆರೆದಿದೆ. ಆದರೆ ಪಾತ್ರೆಯ ಮೇಲೆ ಹಸಿ ಎಲೆ ಮುಚ್ಚಿರುವುದರಿಂದ ಮುನಿಗಳು ಸ್ವೀಕರಿಸುವಂತಿಲ್ಲ. ವ್ರತ ಭಂಗವಾಗಿಲ್ಲ, ಮಲಿನವಾಗಿದೆ. ಕಂಪ್ಯೂಟರ್ ಉದ್ಯಮದ ಇತ್ತೀಚಿನ ಒಂದು ವಿವಾದವನ್ನು ತೂಗಿ ನೋಡಲು ಈ ಭೇದವು ಬೇಕಾಗುತ್ತದೆ.

ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿ, ಮರುವರ್ಷ ಜಿಪಿಎಲ್ ಎಂಬ ಪರವಾನಗಿಯಡಿ ಲೋಕಕ್ಕೆ ಬಿಟ್ಟರು. ಪಡೆದವರು ಅದನ್ನು ಬಳಸಬಹುದು, ತಿದ್ದಬಹುದು, ಮಾರಲೂಬಹುದು; ಆದರೆ ತಮ್ಮಿಂದ ಪಡೆಯುವವರಿಗೆ ಮೂಲ ಬರಹವನ್ನೂ ಅದೇ ಹಕ್ಕುಗಳನ್ನೂ ಕೊಡಲೇಬೇಕು. ಆನವಟ್ಟಿಯ ಸುತ್ತಮುತ್ತಲಿನವರಿಗೆ ಇಂತಹ ಕಟ್ಟಳೆ ಹೊಸದೇನಲ್ಲ. ಸಮೀಪದ ಕುಬಟೂರಿನ ಪಾರ್ಶ್ವನಾಥ ಜಿನಾಲಯಕ್ಕೆ ಹನ್ನೊಂದನೆಯ ಶತಮಾನದಲ್ಲಿ ಕದಂಬರ ರಾಣಿ ಮಾಳಲದೇವಿ ದತ್ತಿ ಬಿಟ್ಟಳು. ಆ ಕಾಲದ ದಾನಶಾಸನಗಳಲ್ಲಿ ದತ್ತಿಯ ವಿವರ ಮುಗಿದೊಡನೆ, ಅದನ್ನು ಅಪಹರಿಸುವವರಿಗೆ ಶಾಪವನ್ನೂ ಕೆತ್ತಿಸುವುದು ವಾಡಿಕೆಯಾಗಿತ್ತು. ದಾನಿಯ ಕಾಲಾನಂತರವೂ ದಾನವು ಒಬ್ಬರ ಸ್ವತ್ತಾಗಬಾರದೆಂಬುದೇ ಶಾಸನ, ಪರವಾನಗಿ ಎರಡರ ಆಶಯ.

1993ರಲ್ಲಿ ಆರಂಭವಾದ ಅಮೆರಿಕದ ರೆಡ್ ಹ್ಯಾಟ್ ಸಂಸ್ಥೆಯು ಲಿನಕ್ಸನ್ನು ಪರೀಕ್ಷಿಸಿ, ಅಣಿಗೊಳಿಸಿ, ಸೇವೆಯೊಡನೆ ಮಾರಿ ಬೆಳೆಯಿತು. ಇದರಲ್ಲಿ ದೋಷವಿಲ್ಲ. ಪಂಡಿತ ಆಶಾಧರನು ಗೃಹಸ್ಥನ ಗುಣಗಳಲ್ಲಿ ನ್ಯಾಯದಿಂದ ಧನ ಗಳಿಸುವುದನ್ನೇ ಮೊದಲು ಹೇಳುತ್ತಾನೆ. ಕನ್ನಡಿಗರು ಉಚಿತವಾಗಿ ಬಳಸುವ ಲೋಹಿತ್ ಕನ್ನಡ ಅಕ್ಷರಗಳೂ ಇದೇ ಸಂಸ್ಥೆಯ ಕೊಡುಗೆ.

2019ರಲ್ಲಿ ಐಬಿಎಂ ಈ ಸಂಸ್ಥೆಯನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ಅದರ ಉಚಿತ ಪ್ರತಿರೂಪವಾದ ಸೆಂಟ್‌ಓಎಸ್‌ನ ಎಂಟನೆಯ ಆವೃತ್ತಿಗೆ 2029ರವರೆಗೆ ಆಸರೆಯಿರುತ್ತದೆಂದು ನಂಬಿಸಲಾಗಿತ್ತು. 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರಿನಲ್ಲಿ ಪ್ರಕಟಣೆ ಬಂದಿತು. ಹೀಗೆ ವಾಯಿದೆ ತಪ್ಪಿಸುವ ವರ್ತಕನ ಅಂಗಡಿಗೆ ಯಾವ ಪೇಟೆಯಲ್ಲಿಯೂ ಹಳೆಯ ಗಿರಾಕಿ ಉಳಿಯಲಾರ. 2023ರ ಜೂನ್‌ನಲ್ಲಿ ಮಾರಾಟದ ಆವೃತ್ತಿಯ ಮೂಲ ಬರಹವು ಗ್ರಾಹಕರಿಗಷ್ಟೇ ಮೀಸಲಾಯಿತು. ಉಳಿದವರಿಗೆ ಮುಂದಿನ ಆವೃತ್ತಿಯ ಸಿದ್ಧತೆಯಲ್ಲಿರುವ ಕರಡು ಮಾತ್ರ. ಗ್ರಾಹಕರು ಮೂಲವನ್ನು ಹಂಚಿದರೆ ಪರವಾನಗಿಯ ಆಕ್ಷೇಪವಿಲ್ಲ, ಆದರೆ ಸಂಸ್ಥೆ ಅವರೊಡನೆ ವ್ಯವಹಾರ ಮುಗಿಸಬಹುದು.

ತನ್ನದೆನ್ನುವುದನ್ನು ಏನೂ ಸೇರಿಸದೆ, ಇದ್ದುದನ್ನೇ ಮತ್ತೆ ಕಟ್ಟಿ ಮಾರುವವರಿಂದ ನಷ್ಟವೆಂಬುದು ಸಂಸ್ಥೆಯ ವಾದ. ಸಂಬಳ ಕೊಟ್ಟು ಕೆಲಸ ಮಾಡಿಸುವವರ ಈ ಅಳಲು ಸುಳ್ಳಲ್ಲ. ಆದರೂ ಸಾವಿರಾರು ಜನರಿಂದ ಮುಚ್ಚಿಲ್ಲದ ಪಾತ್ರೆಯಲ್ಲಿ ಪಡೆದುದನ್ನು ಮುಂದಿನವರಿಗೆ ಎಲೆ ಮುಚ್ಚಿ ಇಡುವುದು ಅತಿಚಾರವೇ ಸರಿ. ಇದನ್ನು ಚೌರ್ಯವೆಂದು ನಿಂದಿಸುವವರು ಭಂಗ, ಅತಿಚಾರಗಳ ಭೇದವನ್ನು ಮರೆತವರು. ಪರವಾನಗಿಯ ಅಕ್ಷರ ಮೀರಿಲ್ಲವೆಂದು ಸುಮ್ಮನಾಗುವವರು ಸೂತ್ರಕಾರರು ಅತಿಚಾರಗಳನ್ನು ಬೇರೆಯಾಗಿ ಎಣಿಸಿದ್ದೇಕೆಂಬುದನ್ನು ಕೇಳಿಕೊಂಡಿಲ್ಲ.

ಸೆಂಟ್‌ಓಎಸ್‌ನ ಸ್ಥಾನದಲ್ಲಿ 2021ರಲ್ಲಿಯೇ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಎಂಬೆರಡು ಹೊರಬಂದವು. ಇವುಗಳಲ್ಲಿ ಆಲ್ಮಾದವರು 2023ರಲ್ಲಿ ಅಕ್ಷರಶಃ ನಕಲು ಮಾಡುವುದನ್ನೇ ಬಿಟ್ಟು, ಹೊಂದಾಣಿಕೆಯನ್ನಷ್ಟೇ ಉಳಿಸಿಕೊಂಡು, ದೋಷಗಳನ್ನು ತಾವೇ ತಿದ್ದುವ ಹಾದಿ ಹಿಡಿದರು.