ತಿದ್ದುಪಡಿಯ ಸುಂಕ

ವಿಜ್ಞಾನವನ್ನು ಹೊಗಳುವಾಗ ನಾವು ತಪ್ಪದೆ ಹೇಳುವ ಮಾತೊಂದಿದೆ: ಅದು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಮಾತು ನಿಜ. ಆದರೆ ಆ ತಿದ್ದುಪಡಿಯ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂದು ಯಾರೂ ಅಷ್ಟಾಗಿ ಕೇಳುವುದಿಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಎರೆ ಭೂಮಿಯಲ್ಲಿ ತೊಗರಿ ಬೆಳೆಯುವವರು ಮಾತ್ರ ಅದನ್ನು ಕೇಳುತ್ತಲೇ ಇರುತ್ತಾರೆ. "ಹ್ವಾದ ವರ್ಷ ಇದೇ ಎಣ್ಣಿ ಹೊಡೀರಿ ಅಂದ್ರಿ, ಈ ವರ್ಷ ಬ್ಯಾಡ ಅಂತೀರಿ. ಯಾವ್ದು ಖರೇ ರೀ, ಸಾಹೇಬ್ರ?" ಈ ಮಾತಿನಲ್ಲಿ ಅಜ್ಞಾನವಿಲ್ಲ. ಎರಡು ಸಲ ದುಡ್ಡು ಕಳೆದುಕೊಂಡವನ ಲೆಕ್ಕವಿದೆ.

ವಿಜ್ಞಾನದ ಚರಿತ್ರೆಕಾರ ಥಾಮಸ್ ಕುಹ್ನ್ 1962ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ, ಸಿದ್ಧಾಂತಗಳು ಬರೀ ಪುರಾವೆಯ ಬಲದಿಂದ ಬದಲಾಗುವುದಿಲ್ಲ, ಅವನ್ನು ನಂಬಿದ ಸಮುದಾಯವೇ ಬದಲಾಗಬೇಕಾಗುತ್ತದೆ ಎಂದು ತೋರಿಸಿದರು. ಅವರ ಕಣ್ಣ ಮುಂದಿದ್ದದ್ದು ವಿಜ್ಞಾನಿಗಳ ಸಮುದಾಯ. ನಮ್ಮ ತೊಗರಿ ಹೊಲದ ಸಮುದಾಯ ಅದಕ್ಕಿಂತ ದೊಡ್ಡದು. ಅದರಲ್ಲಿ ಸಂಶೋಧಕರ ಜೊತೆ ರೈತ ಸಂಪರ್ಕ ಕೇಂದ್ರದ ಅಧಿಕಾರಿ, ಔಷಧದ ಅಂಗಡಿಯವರು, ಕೂಲಿಗೆ ಬರುವ ಹೆಣ್ಣುಮಕ್ಕಳು, ಸಾಲ ಮಾಡಿ ಬಿತ್ತಿದ ರೈತರು ಎಲ್ಲರೂ ಇದ್ದಾರೆ. ಒಂದು ವಿಚಾರ ಇವರೆಲ್ಲರ ಕೈ ದಾಟಿ ಬದಲಾಗಬೇಕು.

ನೆಟೆ ರೋಗದ ಕತೆಯನ್ನೇ ನೋಡಿ. ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗುವ ತೊಗರಿ ಗಿಡದ ರೋಗವನ್ನು ಕಳೆದ ಶತಮಾನದ ಆರಂಭದಲ್ಲಿ ಬಿಹಾರದ ಪೂಸಾದಲ್ಲಿ ಇ. ಜೆ. ಬಟ್ಲರ್ ಅಭ್ಯಾಸ ಮಾಡಿದರು. ಅಮೆರಿಕದ ವಿಜ್ಞಾನಿಯೊಬ್ಬರು ಹೆಸರಿಸಿದ್ದ ಬೇರೊಂದು ಶಿಲೀಂಧ್ರಕ್ಕೂ ಈ ರೋಗಕ್ಕೂ ನಂಟಿದೆ ಎಂಬ ಎಣಿಕೆ ಆಗ ಇತ್ತು. ಬಟ್ಲರ್ ಪರೀಕ್ಷೆಗಳನ್ನು ನಡೆಸಿ, ಆ ಎಣಿಕೆ ನಿಲ್ಲುವುದಿಲ್ಲವೆಂದು ಕಂಡು, 1910ರಲ್ಲಿ ರೋಗದ ನಿಜವಾದ ಕಾರಣಕ್ಕೆ ಫ್ಯುಸೇರಿಯಂ ಉಡಮ್ ಎಂದು ಹೆಸರಿಟ್ಟರು. ಇಲ್ಲಿ ತಿದ್ದುಪಡಿಗೆ ತಗುಲಿದ್ದು ಕಾಗದ ಮತ್ತು ಕಾಲ ಮಾತ್ರ. ವಿಜ್ಞಾನದ ಚರಿತ್ರೆಯಲ್ಲಿ ನಾವು ಮೆಚ್ಚುವುದು ಇಂಥ ತಿದ್ದುಪಡಿಗಳನ್ನೇ.

ಕಾರಣ ತಿಳಿದ ಮೇಲೂ ಪರಿಹಾರ ಕೈಗೆ ಬರಲು ದಶಕಗಳೇ ಬೇಕಾದವು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಆರಿಸಿದ, ನೆಟೆ ತಡೆಯುವ ತಳಿಯೊಂದು 1986ರಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಗಿ ಈ ಸೀಮೆಯಲ್ಲಿ ಬೇಗ ಹರಡಿತು. ನೆಟೆಗೆ ಬಗ್ಗದ ಮಾರುತಿ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತಿತ್ತು. ಎಲೆ ಹಚ್ಚಗಿದ್ದೂ ಹೂವಿಲ್ಲದೆ, ಕಾಯಿಲ್ಲದೆ ನಿಲ್ಲುವ ಆ ರೋಗವನ್ನು 1931ರಲ್ಲೇ ಗುರುತಿಸಲಾಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಅದನ್ನು ಹರಡುತ್ತದೆ ಎಂದು ತಿಳಿದದ್ದು 1960ರ ದಶಕದಲ್ಲಿ. ನುಸಿ ಹೊತ್ತು ತರುವ ವೈರಾಣು ಯಾವುದೆಂದು ಗೊತ್ತಾಗಲು ಹೆಚ್ಚೂಕಡಿಮೆ 2000ನೇ ಇಸವಿಯವರೆಗೆ ಕಾಯಬೇಕಾಯಿತು. ಆದರೆ ನೆಟೆ, ಗೊಡ್ಡು ಎರಡನ್ನೂ ತಾಳುವ 'ಆಶಾ' ತಳಿ 1993ರಲ್ಲೇ ಹೊಲಕ್ಕೆ ಬಂದಿತ್ತು! ರೋಗ ತುಂಬಿದ ಹೊಲದಲ್ಲೇ ಬೆಳೆಸಿ, ಉಳಿದ ಗಿಡವನ್ನು ಆರಿಸಿಕೊಳ್ಳುವ ತಾಳ್ಮೆಯ ವಿಧಾನ ಸಿದ್ಧಾಂತಕ್ಕಿಂತ ಮುಂದೆ ನಡೆದಿತ್ತು. ಕಾರಣ ತಿಳಿಯದೆಯೂ ಸರಿಯಾದ ಕೆಲಸ ಮಾಡಬಹುದು. ಹಾಗೆಯೇ ಒಂದು ಕಾರಣ ತಿಳಿದ ಮಾತ್ರಕ್ಕೆ ಮಾಡಿದ ಕೆಲಸವೆಲ್ಲ ಸರಿಯಾಗುವುದಿಲ್ಲ.

ಎರಡನೆಯ ಮಾತಿಗೆ ಸಾಕ್ಷಿ ಕೀಡಿಯ ಕತೆ. ತೊಗರಿಯ ಕಾಯಿಯೊಳಗೆ ತಲೆ ತೂರಿಸಿ ಕಾಳು ತಿನ್ನುವ ಹಸಿರು ಕಾಯಿಕೊರಕಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದೇ ಮದ್ದು ಎಂಬುದು ಬಹುಕಾಲ ಇಲಾಖೆಗೂ ರೈತರಿಗೂ ಪ್ರಶ್ನೆಯಿಲ್ಲದ ಸತ್ಯವಾಗಿತ್ತು. ಹೊಡೆದ ಎಣ್ಣೆಗೆ ಸಾಯದೆ ಉಳಿದ ಕೀಡಿಗಳ ಸಂತಾನ ಬೆಳೆಯಿತು. ಅವನ್ನು ತಿನ್ನುತ್ತಿದ್ದ ಮಿತ್ರಕೀಟಗಳು ಸತ್ತವು. ಒಂದು ಸಲದ ಸಿಂಪರಣೆ ಎರಡಾಯಿತು, ನಾಲ್ಕಾಯಿತು. 1997-98ರ ಹಂಗಾಮಿನಲ್ಲಿ ಅಕಾಲಿಕ ಮಳೆಯೂ ಕೀಡಿಯೂ ಸೇರಿ ಕಲಬುರಗಿ, ಬೀದರ್ ಭಾಗದ ತೊಗರಿ ನೆಲಕಚ್ಚಿತು. ಸಾಲದ ಹೊರೆ ಹೊತ್ತ ರೈತರ ಆತ್ಮಹತ್ಯೆಗಳು ರಾಜ್ಯವನ್ನು ಬೆಚ್ಚಿಬೀಳಿಸಿದವು. ಇಲ್ಲಿ ಸಿದ್ಧಾಂತ ಬದಲಾದದ್ದು ಸಂಶೋಧನಾ ಪತ್ರಿಕೆಯ ಪುಟದಲ್ಲಲ್ಲ, ಮನೆಯ ಅಂಗಳದಲ್ಲಿ.

ಆಮೇಲೆ ಬಂದದ್ದು ಸಮಗ್ರ ಕೀಟ ನಿರ್ವಹಣೆ: ಪತಂಗ ಹಿಡಿಯುವ ಮೋಹಕ ಬಲೆ, ಹಕ್ಕಿ ಕೂರಲು ಕವಲು ಕಡ್ಡಿ, ಬೇವಿನ ಬೀಜದ ಕಷಾಯ, ಕೀಡಿಗೇ ರೋಗ ತರುವ ಎನ್‌ಪಿವಿ ನಂಜಾಣು. ಇವುಗಳ ಜೊತೆಗೆ ಹಳೆಯ ವಿಧಾನವೊಂದೂ ಮರಳಿತು. ಸಾಲುಗಳ ನಡುವೆ ತಾಡಪತ್ರಿ ಹಾಸಿ, ಗಿಡವನ್ನು ಮೆಲ್ಲಗೆ ಅಲುಗಾಡಿಸಿ, ಉದುರಿದ ಕೀಡಿಗಳನ್ನು ಒಟ್ಟುಮಾಡುವುದು. ಎಣ್ಣೆ ಬರುವ ಮುಂಚೆ ರೈತರು ಮಾಡುತ್ತಿದ್ದ ಈ ಕೆಲಸವನ್ನು 1990ರ ದಶಕದ ಕೊನೆಯಲ್ಲಿ ಇಕ್ರಿಸ್ಯಾಟ್ ವಿಜ್ಞಾನಿಗಳು ಪರೀಕ್ಷೆಗೆ ಒಡ್ಡಿ, ಕೀಡಿಯ ಹಾವಳಿ ತಗ್ಗಿಸಲು ಇದು ನಿಜಕ್ಕೂ ಫಲಕಾರಿ ಎಂದು ಕಂಡುಕೊಂಡರು. ಹೀಗೆ ಹಿಡಿದ ಕೀಡಿಗಳಿಂದಲೇ ಎನ್‌ಪಿವಿ ದ್ರಾವಣ ತಯಾರಿಸುವುದನ್ನು ಹಳ್ಳಿಗಳಲ್ಲಿ ಕಲಿಸಿದರು.

ಇದನ್ನು ಕಂಡು 'ಹಿರಿಯರಿಗೆ ಎಲ್ಲ ಗೊತ್ತಿತ್ತು' ಎಂದು ಬೀಗುವುದು ಸುಲಭ. ಹಿರಿಯರಿಗೆ ನೆಟೆಯ ಶಿಲೀಂಧ್ರ ಗೊತ್ತಿರಲಿಲ್ಲ, ಗೊಡ್ಡಿನ ನುಸಿ ಕಂಡಿರಲಿಲ್ಲ. ಗಿಡ ಅಲುಗಾಡಿಸಲು ಇವತ್ತು ಕೂಲಿಯವರೂ ಸಿಗುವುದಿಲ್ಲ. ದುಡಿಯುವ ಕೈಗಳು ಪುಣೆ, ಮುಂಬಯಿ, ಹೈದರಾಬಾದಿನ ದಾರಿ ಹಿಡಿದಿವೆ. ಹಳೆಯದೆಂಬ ಕಾರಣಕ್ಕೆ ಆ ವಿಧಾನವನ್ನು ಬಿಟ್ಟದ್ದು ತಪ್ಪು. ಹಳೆಯದೆಂಬ ಕಾರಣಕ್ಕೇ ಅದನ್ನು ಪೂಜಿಸುವುದೂ ಅದೇ ತಪ್ಪಿನ ಮತ್ತೊಂದು ಮಗ್ಗುಲು. ಪರೀಕ್ಷೆಯ ಮುಂದೆ ಎರಡಕ್ಕೂ ಸಮಾನ ಜಾಗ ಇರಬೇಕು.

ನಿರೋಧಕ ತಳಿ ಬಂದು ಮೂರೂವರೆ ದಶಕವಾದ ಮೇಲೂ, 2022ರಲ್ಲಿ, ಕಲಬುರಗಿ ಜಿಲ್ಲೆಯ ತೊಗರಿ ನೆಟೆಯಿಂದ ಒಣಗಿತು. ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಆ ಹೊತ್ತಿಗೆ ಆಶಾ ತಳಿಯ ಜೀನೋಮ್ ಓದಿ ಮುಗಿಸಿ ಹತ್ತು ವರ್ಷವಾಗಿತ್ತು. ವಿದ್ಯೆ ಎಷ್ಟು ಸೂಕ್ಷ್ಮವಾದರೂ ನೆಲದ ಹಳೆಯ ಪಾಠ ಒಂದು ಉಳಿದೇ ಇದೆ: ಈ ಶಿಲೀಂಧ್ರ ಬೆಳೆ ಕೊಯ್ದ ಮೇಲೂ ಕೂಳೆಗಳಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಜೋಳದ ಜೊತೆ ಬೆರೆಸಿ ಬಿತ್ತಿದರೆ, ಬೆಳೆ ಬದಲಿಸಿದರೆ ನೆಟೆ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ಆದರೆ ಪೇಟೆಯ ಧಾರಣೆಯೂ ಬೆಂಬಲ ಬೆಲೆಯೂ ತೊಗರಿಯ ಮೇಲೆ ತೊಗರಿಯನ್ನೇ ಬಿತ್ತಿಸುತ್ತವೆ. ಇದನ್ನು ರೈತನ ಮೊಂಡುತನ ಎನ್ನುವವರು ಅವನ ಸಾಲದ ಚೀಟಿಯನ್ನೂ ಓದಬೇಕು.

ಸುಂಕ ಕಟ್ಟಿದವರು ತೊಗರಿ ಬೆಳೆಗಾರರು ಮಾತ್ರವಲ್ಲ. ಕಾಯಿಕೊರಕಕ್ಕೆ ಒಂದು ಕಾಲಕ್ಕೆ ಶಿಫಾರಸಿನ ಪಟ್ಟಿಯಲ್ಲೇ ಇದ್ದ ಎಂಡೋಸಲ್ಫಾನ್ ಎಂಬ ಎಣ್ಣೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಅಷ್ಟರಲ್ಲಿ ಅದೇ ಎಣ್ಣೆ ಸಿಂಪಡಿಸಿದ ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಮನೆಗಳು ಆ ತಿದ್ದುಪಡಿಯ ಸುಂಕವನ್ನು ತಮ್ಮ ಮಕ್ಕಳ ಮೈಯಲ್ಲಿ ಕಟ್ಟಿದ್ದವು.

ಹಾಗಾದರೆ ನಾಳೆ ಬದಲಾಗಬಹುದಾದ ಅರಿವನ್ನು ಇಂದು ಹೇಳುವವರ ಧರ್ಮವೇನು? ಬದಲಾವಣೆಗೆ ನಾಚಬೇಕಿಲ್ಲ. 'ಇದೇ ಕೊನೆಯ ಮಾತು' ಎಂಬ ಗತ್ತಿಗೆ ನಾಚಬೇಕು. ಆ ಗತ್ತಿನಿಂದ ಮೋಸಹೋದವನೇ ಮುಂದೆ 'ಇವರು ವರ್ಷಕ್ಕೊಂದು ಹೇಳುತ್ತಾರೆ, ಯಾವುದನ್ನೂ ನಂಬಬಾರದು' ಎನ್ನುತ್ತಾನೆ. ಆಗ ಅವನ ಕಿವಿಗೆ ಬೀಳುವುದು ಸಾಲ ಕೊಟ್ಟು ಡಬ್ಬಿ ಮಾರುವವನ ಮಾತೊಂದೇ. ಈ ಸಲಹೆ ಎಷ್ಟು ವರ್ಷದ, ಎಂಥ ನೆಲದ ಅನುಭವದಿಂದ ಬಂದಿದೆ, ಎಲ್ಲಿ ಕೈಕೊಡಬಹುದು ಎಂಬುದನ್ನು ಸಲಹೆಯ ಜೊತೆಗೇ ಹೇಳಬೇಕು. ರೈತ ಅದನ್ನು ತಾಳಿಕೊಳ್ಳಬಲ್ಲ. ಮಳೆಯ ಅನಿಶ್ಚಿತತೆಯೊಡನೆ ಬಾಳಿದವನಿಗೆ ಅರಿವಿನ ಅನಿಶ್ಚಿತತೆ ಹೊಸದೇನಲ್ಲ. ಹೊಸ ವಿಧಾನವನ್ನು ಮೊದಲು ಯಾರ ಹೊಲದಲ್ಲಿ ನೋಡುತ್ತೇವೋ ಅವರ ನಷ್ಟಕ್ಕೆ ನಾವು ಹೆಗಲು ಕೊಡಬೇಕು, ಅವರು ಕಂಡದ್ದನ್ನು ಪುರಾವೆಯೆಂದು ಬರೆದುಕೊಳ್ಳಬೇಕು. ಪ್ರಯೋಗದ ನಷ್ಟ ರೈತನಿಗೆ, ಕೀರ್ತಿ ನಮಗೆ ಎಂಬ ಏರ್ಪಾಡು ಇರುವವರೆಗೂ 'ಯಾವ್ದು ಖರೇ?' ಎಂಬ ಪ್ರಶ್ನೆಗೆ ಎಷ್ಟು ನಿಖರವಾದ ಉತ್ತರ ಕೊಟ್ಟರೂ ಅದು ಅರ್ಧ ಉತ್ತರವೇ.